ಚೆಲುವಿಯ ಗೊರಸು, ಬೀಗ ಹಾಕಿದ ಬೆಲ್ಲ

ನಮ್ಮ ಚೆಲುವಿಗೆ ಬೇಸಿಗೆಯಲ್ಲಿ ಎರಡು ಸಲ ಕ್ಷೌರ ಮಾಡಿಸುತ್ತೇವೆ. ಮೊದಲ ಸಲ ನಮ್ಮ ಮನೆಯವರ ಗಡ್ಡದ ಮಿಷನ್ನಿನಲ್ಲೇ ಶುರು ಮಾಡಿದ್ದೆವು. ಕುತ್ತಿಗೆಯ ಅರ್ಧಕ್ಕೆ ಬರುವಷ್ಟರಲ್ಲಿ ಅದು ಸುಟ್ಟುಹೋಯಿತು. ಈಗ ಕುರಿ ಉಣ್ಣೆ ಕತ್ತರಿಸುವ ಮಿಷನ್ನು ತರಿಸಿಟ್ಟಿದ್ದೇವೆ. ಚೆಲುವಿ ಎಂದರೆ ನಮ್ಮ ಬಿಳಿ ಕುದುರೆ, ಇಪ್ಪತ್ತೈದರ ಮುದುಕಿ. ಕ್ಷೌರವಾದ ದಿನ ಬೋಳುಬೋಳಾಗಿ ನಿಂತಿರುವ ಅವಳನ್ನು ನೋಡಿ ದಾರಿಯಲ್ಲಿ ಹೋಗುವವರು ನಗುತ್ತಾರೆ. ನಾನೂ ನಗುತ್ತೇನೆ. ಎರಡು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಯಾರಿಗೂ ನಗು ಬರುತ್ತಿರಲಿಲ್ಲ.

ಹೋದ ತಿಂಗಳು ಎನ್. ಬೇಗೂರಿನ ಕಡೆಯಿಂದ ಗುರುತಿಲ್ಲದ ಒಬ್ಬರು ಫೋನ್ ಮಾಡಿದ್ದರು. ಅವರ ಹತ್ತಿರವೂ ಒಂದು ಮುದಿ ಕುದುರೆ ಇದೆಯಂತೆ, ಮುಂಗಾಲು ಊರುತ್ತಿಲ್ಲವಂತೆ, ಕೇಳಿದವರೆಲ್ಲ ವಯಸ್ಸಾಯಿತಲ್ಲ ಎಂದು ಕೈ ತೊಳೆದುಕೊಳ್ಳುತ್ತಿದ್ದಾರಂತೆ. ನಾನು ಮುಕ್ಕಾಲು ಗಂಟೆ ಮಾತಾಡಿದೆ. ಕೊನೆಗೆ ಅವರು ಇದನ್ನೆಲ್ಲ ಎಲ್ಲಾದರೂ ಬರೆದಿಡಿ ಅಕ್ಕ ಎಂದರು. ನಾನು ಶಾಲೆಯಲ್ಲಿ ಬಿಸಿಯೂಟ ಮಾಡುವವಳು, ಬರೆಯುವುದೆಂದರೆ ನನಗೆ ಬೇಳೆ, ಎಣ್ಣೆ, ಉಪ್ಪಿನ ಪಟ್ಟಿ. ಆದರೂ ಕೂತು ಬರೆಯುತ್ತಿದ್ದೇನೆ. ಕಾಯಿಲೆ ಏನು, ಎತ್ತ ಎಂದು ವಿವರಿಸಲು ಡಾಕ್ಟರುಗಳಿದ್ದಾರೆ. ನಾನು ಹೇಳುವುದು ನಾವು ಪಟ್ಟ ಪಾಡನ್ನು ಮತ್ತು ನಾನು ಮಾಡಿದ ಒಂದು ತಪ್ಪನ್ನು.

ನಮ್ಮೂರು ಪಿರಿಯಾಪಟ್ಟಣದಿಂದ ಬೆಟ್ಟದಪುರಕ್ಕೆ ಹೋಗುವ ದಾರಿಯಲ್ಲಿದೆ. ಊರಿಗೆ ಊರೇ ಹೊಗೆಸೊಪ್ಪು ಬೆಳೆಯುತ್ತದೆ, ನಮ್ಮ ಮಾವನವರು ಮಾತ್ರ ಕುದುರೆ ಸಾಕಿದವರು. ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ, ಎಲ್ಲಿ ಮದುವೆಯಾದರೂ ಗಂಡಿನ ಮೆರವಣಿಗೆಗೆ ನಮ್ಮ ಕುದುರೆಗೇ ಕರೆ ಬರುತ್ತಿತ್ತು. ನಾನು ಸೊಸೆಯಾಗಿ ಬಂದ ಮುಂದಿನ ವರ್ಷ ಚೆಲುವಿಯನ್ನು ತಂದರು. ಮಾವ ತೀರಿಕೊಂಡ ಮೇಲೆ ನಮ್ಮ ಮನೆಯವರು ಗೂಡ್ಸ್ ಆಟೋ ತೆಗೆದುಕೊಂಡರು, ಚೆಲುವಿಯ ಬೆನ್ನ ಮೇಲೆ ಮದುವೆ ಗಂಡುಗಳನ್ನು ಕೂರಿಸುವುದು ನಿಂತಿತು. ಆದರೆ ನೆಂಟರ ಮದುವೆಗಳಲ್ಲಿ ಅವಳು ಚಪ್ಪರದ ಮುಂದೆ ಬಂದು ನಿಲ್ಲಲೇಬೇಕಿತ್ತು. ಬಾಗಿಲಿಗೆ ಕುದುರೆ ಬಂದರೆ ನಮ್ಮ ಕಡೆ ಮೊದಲು ಕಾಲಿಗೆ ನೀರು ಹಾಕುತ್ತಾರೆ, ಆಮೇಲೆ ಬೆಲ್ಲ ತಿನ್ನಿಸುತ್ತಾರೆ. ಗಂಡಿನ ತಾಯಿ ಒಂದಚ್ಚು, ಹೆಣ್ಣಿನ ತಾಯಿ ಒಂದಚ್ಚು, ಆಮೇಲೆ ಸೋದರತ್ತೆಯರು, ಅಕ್ಕಂದಿರು. ಕುದುರೆ ಮುಖ ತಿರುಗಿಸಿದರೆ ಅಪಶಕುನ ಎನ್ನುತ್ತಾರೆ. ಚೆಲುವಿ ಒಂದು ದಿನವೂ ಯಾರಿಗೂ ಅಪಶಕುನ ಮಾಡಲಿಲ್ಲ.

ಮನೆಯಲ್ಲೂ ಅಷ್ಟೇ. ನಮ್ಮ ಅತ್ತೆ ಚಿಕ್ಕತಾಯಮ್ಮನವರು ಬೆಳಿಗ್ಗೆ ಕಾಫಿಗೆ ಬೆಲ್ಲ ಕುಟ್ಟಿದರೆ ಮೊದಲ ತುಂಡು ಕೊಟ್ಟಿಗೆಗೆ ಹೋಗುತ್ತಿತ್ತು, ಎರಡನೆಯದು ಮಗನ ಲೋಟಕ್ಕೆ. ನನ್ನ ಲೋಟಕ್ಕೆ ಬಿದ್ದರೆ ಬಿತ್ತು, ಇಲ್ಲದಿದ್ದರೆ ಇಲ್ಲ. ಈ ಮಾತನ್ನು ಹೇಳಿ ನಾನು ಇಪ್ಪತ್ತು ವರ್ಷ ಅವರನ್ನು ಗೋಳುಹೊಯ್ದುಕೊಂಡಿದ್ದೇನೆ.

ಎರಡು ವರ್ಷದ ಹಿಂದೆ ಶಿವರಾತ್ರಿ ಬಂದರೂ ಚೆಲುವಿಯ ಚಳಿಗಾಲದ ಕೂದಲು ಉದುರಲಿಲ್ಲ. ಬದಲಿಗೆ ಇನ್ನೂ ಉದ್ದವಾಗಿ, ಸುರುಳಿ ಸುರುಳಿಯಾಗಿ ಬೆಳೆಯಿತು. ನೋಡಿದವರೆಲ್ಲ ಮುದುಕಿಗೆ ಹರೆಯ ಬಂದಿದೆ ಎಂದರು. ಅತ್ತೆ ತಾವು ಬೇಯಿಸಿ ಹಾಕಿದ ಹುರುಳಿಯ ಗುಣ ಎಂದು ಹಿಗ್ಗಿದರು. ನಾನೂ ಹೂಂಗುಟ್ಟಿದೆ. ದಿನಕ್ಕೆ ಎರಡು ಬಕೆಟ್ ನೀರು ಹೆಚ್ಚಿಗೆ ಕುಡಿಯುತ್ತಿದ್ದಳು, ಹೊಟ್ಟೆ ಇಳಿಬಿದ್ದಿತ್ತು, ಬೆನ್ನಿನ ಮಾಂಸ ಕರಗಿತ್ತು. ಆ ಕೂದಲಿನ ಸಂಭ್ರಮದಲ್ಲಿ ಯಾವುದೂ ನಮ್ಮ ಕಣ್ಣಿಗೆ ಬೀಳಲಿಲ್ಲ. ಕಾಯಿಲೆಯನ್ನು ಎದುರಿಗಿಟ್ಟುಕೊಂಡು ನಾವು ಹೊಗಳುತ್ತಿದ್ದೆವು.

ಅದಾದ ಮೇಲೆ ಕೆ.ಆರ್. ನಗರದಲ್ಲಿ ನಮ್ಮ ಮನೆಯವರ ಚಿಕ್ಕಪ್ಪನ ಮೊಮ್ಮಗಳ ಮದುವೆ ಬಂತು. ಪಿಕಪ್ ಗಾಡಿಯಲ್ಲಿ ಚೆಲುವಿಯನ್ನು ಕರೆದುಕೊಂಡು ಹೋಗಿ, ಛತ್ರದ ಪಕ್ಕದ ಹುಲ್ಲಿನ ಮೇಲೆ ಇಳಿಸಿದೆವು. ಹುಲ್ಲು ದಾಟಿ ಟಾರು ರಸ್ತೆಗೆ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟಳು. ಮುಂಗಾಲೆರಡನ್ನೂ ಮುಂದಕ್ಕೆ ಚಾಚಿ, ಮೈಭಾರವನ್ನೆಲ್ಲ ಹಿಂಗಾಲಿನ ಮೇಲೆ ಹೊತ್ತು, ಗೋಡೆಗೆ ಒರಗಿ ಕೂರಲು ಹೊರಟವರ ಹಾಗೆ ವಾಲಿದಳು. ಮೈಯೆಲ್ಲ ಬೆವರು, ತೊಡೆ ಗಡಗಡ ನಡುಗುತ್ತಿತ್ತು. ಬ್ಯಾಂಡಿನವರು ಬಾರಿಸುವುದನ್ನು ನಿಲ್ಲಿಸಿದರು. ನಮ್ಮ ಮನೆಯವರು ಬಗ್ಗಿ ಗೊರಸು ಮುಟ್ಟಿ, ಬಿಸಿ ಕಾಫಿ ಲೋಟ ಮುಟ್ಟಿದಂತೆ ಕೈ ಹಿಂದಕ್ಕೆ ಎಳೆದುಕೊಂಡರು. ಹೆಂಗಸರೆಲ್ಲ ಪಾಪ ಪಾಪ ಎನ್ನುತ್ತಾ ಸಮಾಧಾನಕ್ಕೆ ಬೆಲ್ಲದ ಮೇಲೆ ಬೆಲ್ಲ ಬಾಯಿಗಿಟ್ಟರು. ಅಂಥ ನೋವಿನಲ್ಲೂ ಚೆಲುವಿ ಒಂದನ್ನೂ ಬೇಡ ಎನ್ನದೆ ತಿಂದಳು.

ಮನೆಗೆ ಬಂದ ಕೂಡಲೇ ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಅಷ್ಟು ಜನರ ಕಣ್ಣು ಬಿದ್ದಿದೆ ಎಂಬುದು ಅವರ ಲೆಕ್ಕ. ಬೆಳಿಗ್ಗೆ ನೋಡಿದರೆ ಚೆಲುವಿ ಮಲಗಿದ್ದಳು. ಏಳಿಸಲು ಹೋದರೆ ನರಳಿದಳು. ಅಷ್ಟು ವರ್ಷದಲ್ಲಿ ಆ ದನಿಯನ್ನು ನಾನು ಕೇಳಿರಲಿಲ್ಲ. ಶಾಲೆಗೆ ರಜ ಹೇಳಿ, ಫೋನಿನಲ್ಲಿ ಅವಳ ವಿಡಿಯೋ ಹಿಡಿದುಕೊಂಡು ಪಿರಿಯಾಪಟ್ಟಣದ ಪಶು ಆಸ್ಪತ್ರೆಗೆ ಹೋದೆ.

ಅಲ್ಲಿ ಹೊಂಗೆ ಮರದ ಕೆಳಗೆ ಹಸು, ಮೇಕೆ, ಬುಟ್ಟಿಯಲ್ಲಿ ಕೋಳಿ ಇಟ್ಟುಕೊಂಡು ಜನ ಕಾಯುತ್ತಿದ್ದರು. ನಾನೊಬ್ಬಳೇ ಬರಿಗೈಲಿ ಬಂದವಳು. ನಿಮ್ಮ ದನ ಎಲ್ಲಿ ಎಂದು ಕೇಳಿದರು, ಫೋನ್ ತೋರಿಸಿದೆ. ಫೋನು ಕೈಯಿಂದ ಕೈಗೆ ಹೋಯಿತು. ಒಬ್ಬರು ಬರೆ ಹಾಕಿಸಿ ಎಂದರು, ಒಬ್ಬರು ವಾಯು ಎಂದರು, ಕೋಳಿ ತಂದಿದ್ದ ಒಬ್ಬ ಅಜ್ಜಿ ಏನೂ ಹೇಳದೆ ಪಕ್ಕಕ್ಕೆ ಸರಿದು ನನಗೆ ಕಲ್ಲುಬೆಂಚಿನ ಮೇಲೆ ಜಾಗ ಮಾಡಿಕೊಟ್ಟರು. ಆಗಲೇ ನನಗೆ ಅಳು ಬಂದದ್ದು. ಅಲ್ಲಿಯವರೆಗೆ ಗಟ್ಟಿಯಾಗಿಯೇ ಇದ್ದೆ.

ತಾಲ್ಲೂಕಿನ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ವಿಡಿಯೋವನ್ನು ಎರಡು ಸಲ ನೋಡಿ, ನಾನು ಹಸು ನೋಡುವವಳು, ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಹೇಳಿ ನಿಮ್ಮ ಕುದುರೆಯ ಕಾಲು ಕಳೆಯುವುದಿಲ್ಲ ಎಂದರು. ಅಲ್ಲೇ ನಿಂತು ಮೈಸೂರಿನ ಕುದುರೆ ಡಾಕ್ಟರೊಬ್ಬರಿಗೆ ಫೋನ್ ಮಾಡಿದರು. ಗೊತ್ತಿಲ್ಲ ಎಂದು ಒಪ್ಪಿಕೊಂಡ ಆ ಮಾತಿನಿಂದಲೇ ನನಗೆ ಧೈರ್ಯ ಬಂತು. ಮಧ್ಯಾಹ್ನ ತಾವೇ ಮನೆಗೆ ಬಂದು ರಕ್ತ ತೆಗೆದರು. ಅದನ್ನು ತಣ್ಣಗೆ ಇಟ್ಟುಕೊಂಡು ಸಂಜೆಯೊಳಗೆ ಮೈಸೂರಿನ ಲ್ಯಾಬಿಗೆ ಮುಟ್ಟಿಸಬೇಕಿತ್ತು. ಮೀನಿನವನ ಹತ್ತಿರ ಐಸು ಇಸಕೊಂಡು ಫ್ಲಾಸ್ಕಿನಲ್ಲಿ ತುಂಬಿ, ಸೀಸೆ ಒಳಗಿಟ್ಟು, ಬಸ್ಸಿನಲ್ಲಿ ಮಡಿಲ ಮೇಲೆ ಇಟ್ಟುಕೊಂಡು ಹೋದೆ.

ಅದು ಮನುಷ್ಯರ ರಕ್ತ ಪರೀಕ್ಷೆ ಮಾಡುವ ಲ್ಯಾಬು, ಕುದುರೆ ಡಾಕ್ಟರು ಮೊದಲೇ ಹೇಳಿಟ್ಟಿದ್ದರು. ಕೌಂಟರಿನ ಹುಡುಗಿಗೆ ಅದು ಗೊತ್ತಿರಲಿಲ್ಲ. ಪೇಷೆಂಟ್ ಹೆಸರು ಕೇಳಿದಳು, ಚೆಲುವಿ ಎಂದೆ. ವಯಸ್ಸು ಇಪ್ಪತ್ತಮೂರು ಎಂದೆ. ಮದುವೆ ಆಗಿದೆಯಾ ಎಂದು ಕೇಳಿದಳು. ಇಲ್ಲಮ್ಮ, ಆದರೆ ಮದುವೆಗಳಿಗೇನೂ ಕಡಿಮೆ ಇಲ್ಲ ಎಂದೆ. ಅವಳು ತಲೆ ಎತ್ತಿ ನೋಡಿದಳು. ಕುದುರೆ ಎಂದು ಗೊತ್ತಾದಾಗ, ಸಕ್ಕರೆ ಪರೀಕ್ಷೆಗೆ ಕಾದು ಕೂತಿದ್ದ ಏಳೆಂಟು ಜನವೂ ಅವಳ ಜೊತೆಗೆ ನಕ್ಕರು. ಆ ದಿನ ನಾನು ನಕ್ಕಿದ್ದು ಅದೊಂದೇ ಸಲ. ಅವಳು ಸೀಸೆಯನ್ನು ತನ್ನ ಕೈಯಾರೆ ಫ್ರಿಜ್ಜಿನಲ್ಲಿಟ್ಟು, ಹುಷಾರಾಗುತ್ತಾಳೆ ಬಿಡಿ ಎಂದು ಕಳಿಸಿದಳು.

ಭಾನುವಾರ ಕುದುರೆ ಡಾಕ್ಟರು ಮೈಸೂರಿನಿಂದ ಬಂದರು. ನೆರೆತ ತಲೆ, ಕಡಿಮೆ ಮಾತು. ಪೆಟ್ಟಿಗೆಯಂಥ ಎಕ್ಸ್‌ರೇ ಮಿಷನ್ನನ್ನು ಕಾರಿನಲ್ಲೇ ತಂದಿದ್ದರು. ಚೆಲುವಿಯ ಕಾಲನ್ನು ಮರದ ತುಂಡಿನ ಮೇಲೆ ಇಡಿಸಿ ಚಿತ್ರ ತೆಗೆದು ನಮಗೆ ತೋರಿಸಿದರು. ಗೊರಸಿನ ಒಳಗೆ ಉರಿಯೂತ, ಅದಕ್ಕೇ ಒಳಗಿನ ಮೂಳೆ ತನ್ನ ಹಿಡಿತ ಬಿಟ್ಟು ಸ್ವಲ್ಪ ವಾಲಿದೆ ಎಂದರು. ಇದರ ಬೇರು ಮಾತ್ರ ಕಾಲಲ್ಲಿ ಇಲ್ಲ, ವಯಸ್ಸಾದ ಕುದುರೆಗಳ ತಲೆಯೊಳಗಿನ ಒಂದು ಗ್ರಂಥಿ ಹದ ತಪ್ಪಿದರೆ ಹೀಗಾಗುತ್ತದೆ, ಉದುರದ ಕೂದಲು ಅದರದೇ ಗುರುತು ಎಂದೂ ಹೇಳಿದರು. ರಕ್ತದ ವರದಿಯೂ ಅದನ್ನೇ ಹೇಳಿತು. ಹುರುಳಿಯ ಗುಣ ಎಂದು ಹಿಗ್ಗಿದ್ದ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ವಾಸಿಯಾಗುತ್ತಾ ಎಂದು ನಮ್ಮ ಮನೆಯವರು ಕೇಳಿದರು. ಡಾಕ್ಟರು ಸುತ್ತಿ ಬಳಸಿ ಮಾತಾಡುವವರಲ್ಲ.

"ಪೂರ್ತಿ ವಾಸಿ ಆಗಲ್ಲ, ಹಿಡಿತದಲ್ಲಿ ಇಟ್ಕೋಬಹುದು. ಆರು ವಾರ ನೋಡೋಣ. ಅಷ್ಟರಲ್ಲಿ ನೋವಿನ ಪುಡಿ ಇಲ್ದೆ ಅವಳು ನಿಲ್ಲೋ ಹಾಗಾಗ್ಬೇಕು. ಆಗ್ಲಿಲ್ಲ ಅಂದ್ರೆ ಅವಳನ್ನ ಹಿಂಸೇಲಿ ಇಡೋದು ಬೇಡ. ನಾನೇ ಬಂದು ನೋವಿಲ್ದೆ ಕಳಿಸಿಕೊಡ್ತೀನಿ."

ಆಮೇಲೆ ಪಥ್ಯ ಹೇಳಿದರು. ಬೆಲ್ಲ ಕೂಡದು. ಬೂಸಾ, ಹುರುಳಿ, ರಾಗಿ ಹಿಟ್ಟು, ಬಾಳೆಹಣ್ಣು, ಕಾಲುವೆ ಬದಿಯ ಎಳೆ ಹುಲ್ಲು ಯಾವುದೂ ಕೂಡದು. ಒಣ ಹುಲ್ಲನ್ನು ಒಂದು ಗಂಟೆ ನೀರಲ್ಲಿ ನೆನೆಸಿ, ಆ ನೀರು ಚೆಲ್ಲಿ ಹಾಕಬೇಕು, ಹುಲ್ಲಿನಲ್ಲಿರುವ ಸಿಹಿಯೂ ಅವಳಿಗೆ ಬೆಂಕಿಯೇ. ದಿನಕ್ಕೊಂದು ಮಾತ್ರೆ, ಅವಳು ಇರುವವರೆಗೂ. ಮಾತ್ರೆ ಹೇಗೆ ಕೊಡುವುದು ಎಂದು ಕೇಳಿದೆ. ಅವಳಿಗೆ ಇಷ್ಟವಾದದ್ದರಲ್ಲಿ ಒಂದಿಷ್ಟು ಹುದುಗಿಸಿ ಕೊಟ್ಟುಬಿಡಿ ಎಂದು ಹೇಳಿ ಕಾರು ಹತ್ತಿದರು.

ನಾನು ಹಿಡಿದ ಕೆಲಸ ಬಿಡುವವಳಲ್ಲ. ಅಂದೇ ಮನೆಯಲ್ಲಿದ್ದ ಬೆಲ್ಲವನ್ನೆಲ್ಲ ಡಬ್ಬಿಗೆ ತುಂಬಿ ಬೀರುವಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಮಾಂಗಲ್ಯದ ಸರಕ್ಕೆ ಪಿನ್ನು ಹಾಕಿ ಸಿಕ್ಕಿಸಿಕೊಂಡೆ. ಕಾಫಿಗೆ ಎಲ್ಲರಿಗೂ ಸಕ್ಕರೆ. ಅತ್ತೆ ಕಾಫಿಯನ್ನೇ ಬಿಟ್ಟರು. ನಾನದನ್ನು ಹಟ ಎಂದುಕೊಂಡೆ.

ಮೊದಲ ವಾರ ಕಾಲಿಗೆ ಐಸು ಇಡಬೇಕಿತ್ತು. ಮೀನಿನವನು ಮಧ್ಯಾಹ್ನ ವ್ಯಾಪಾರ ಮುಗಿದ ಮೇಲೆ ಉಳಿದ ಐಸನ್ನೆಲ್ಲ ನಮ್ಮ ಬಾಗಿಲಲ್ಲಿ ಸುರಿದು ಹೋಗುತ್ತಿದ್ದ. ಕೇಳದೆ ತಂದುಕೊಟ್ಟ, ಕೊನೆಯ ದಿನದವರೆಗೂ ತಂದುಕೊಟ್ಟ. ಚೆಲುವಿಯ ಕಾಲು ಮೀನಿನ ವಾಸನೆ ಹೊಡೆದು ಊರಿನ ಬೆಕ್ಕುಗಳೆಲ್ಲ ಕೊಟ್ಟಿಗೆ ಸೇರಿದವು. ಗೊರಸಿಗೆ ಮೆತ್ತನೆ ನೆಲ ಬೇಕು ಎಂದಿದ್ದರು. ಆಗ ಹೊಗೆಸೊಪ್ಪಿನ ಸಸಿಮಡಿಯ ಕಾಲ. ಟ್ರೇಗಳಿಗೆ ತುಂಬಲು ತಂದಿದ್ದ ತೆಂಗಿನ ನಾರಿನ ಪುಡಿ ಒಬ್ಬೊಬ್ಬರ ಮನೆಯಲ್ಲಿ ಒಂದೆರಡು ಮೂಟೆ ಮಿಕ್ಕಿತ್ತು. ಪಕ್ಕದ ಹೊಲದವರು ಒಂದು ತಂದರು, ಅದನ್ನು ನೋಡಿ ಇನ್ನೊಬ್ಬರು ತಂದರು, ಕೊಟ್ಟಿಗೆಯಲ್ಲಿ ಮೊಣಕಾಲುದ್ದದ ಹಾಸಿಗೆಯಾಯಿತು. ನಾನು ಹಿತ್ತಲಿನ ತೊಟ್ಟಿಯಲ್ಲಿ ಹುಲ್ಲು ನೆನೆಸಿ, ಎತ್ತಿ, ಸೋರಲು ಹಗ್ಗದ ಮೇಲೆ ಹಾಕುತ್ತಿದ್ದೆ. ಅದನ್ನು ನೋಡಿ ಎದುರು ಮನೆಯವರು ಸವಿತಕ್ಕ ಹುಲ್ಲು ಒಗೀತಾವ್ಳೆ ಎಂದು ಊರೆಲ್ಲ ಹೇಳಿಕೊಂಡು ಬಂದರು. ಹೇಳಲಿ ಎಂದು ಸುಮ್ಮನಿದ್ದೆ.

ಇಷ್ಟು ಮಾಡಿದರೂ ಚೆಲುವಿ ಸುಧಾರಿಸಲಿಲ್ಲ. ಎರಡು ದಿನ ನಿಂತರೆ ಮೂರನೆಯ ದಿನ ಮಲಗುತ್ತಿದ್ದಳು. ಗೊರಸಿನ ಬಿಸಿ ಆರುತ್ತಿರಲಿಲ್ಲ. ನೋವಿನ ಪುಡಿ ಅರ್ಧಕ್ಕೆ ಇಳಿಸಿದರೆ ಮತ್ತೆ ಆ ನರಳಿಕೆ. ಮೂರು ವಾರ ಕಳೆದವು. ನಾನು ದಿನ ಎಣಿಸುತ್ತಿದ್ದೆ, ಶಾಲೆಯಲ್ಲಿ ಸಾಂಬಾರು ಕುದಿಸುವಾಗಲೂ ಎಣಿಸುತ್ತಿದ್ದೆ. ಒಂದು ದಿನ ಎರಡು ಸಲ ಉಪ್ಪು ಹಾಕಿ ಮಕ್ಕಳು ಊಟ ಬಿಟ್ಟರು.

ಆಗ ಒಂದು ಬೆಳಿಗ್ಗೆ ಗೋದಲಿಯ ಅಂಚಿನಲ್ಲಿ ಇರುವೆ ಸಾಲು ಕಂಡಿತು. ನಮ್ಮ ಕಡೆಯ ಕೆಂಪು ಇರುವೆ, ಸಿಹಿ ಇದ್ದಲ್ಲೇ ಬರುವುದು. ಬಗ್ಗಿ ನೋಡಿದರೆ ಮರದ ಸಂದಿನಲ್ಲಿ ಬೆಲ್ಲದ ಅಂಟು. ನನಗೆ ತಲೆಗೆ ರಕ್ತ ಏರಿತು. ಈ ಮನೆಯಲ್ಲಿ ಕದ್ದು ಬೆಲ್ಲ ಕೊಡುವವರು ಇನ್ಯಾರು? ಬೀರುವಿನ ಕೀಲಿ ನನ್ನ ಹತ್ತಿರವಿದ್ದರೇನು, ಅಂಗಡಿಯಿಂದ ತರಿಸಿಕೊಂಡಿರಬೇಕು ಎಂದುಕೊಂಡೆ. ಅತ್ತೆ ದಿನಾ ಬೆಳಿಗ್ಗೆ ಸಂಜೆ ಕೊಟ್ಟಿಗೆಗೆ ಹೋಗಿ ಅವಳ ಕುತ್ತಿಗೆ ಸವರಿ ಬರುತ್ತಿದ್ದರು. ಸೀದಾ ಹೋಗಿ ಜಗಲಿಯ ಮೇಲೆ ಕೂತಿದ್ದ ಅವರ ಮುಂದೆ ನಿಂತೆ.

"ಅತ್ತೆ, ಅವ್ಳನ್ನ ಸಾಯಿಸ್ತಿರೋದು ಕಾಯ್ಲೆ ಅಲ್ಲ, ನಿಮ್ ಕೈ. ಇನ್ಮೇಲೆ ಕೊಟ್ಗೆ ಕಡೆ ಬರ್ಬೇಡಿ ನೀವು."

ಅತ್ತೆ ನನ್ನ ಮುಖವನ್ನೇ ನೋಡಿದರು. "ನಾನು ಕೊಟ್ಟಿಲ್ಲ ಕಣವ್ವ" ಎಂದರು. ಅಷ್ಟೇ. ಜಗಳವಾಡಿದ್ದರೆ ನನಗೆ ಅನುಮಾನವಾದರೂ ಬರುತ್ತಿತ್ತೇನೋ. ಅವರು ಎದ್ದು ಒಳಗೆ ಹೋದರು, ಅಂದಿನಿಂದ ಕೊಟ್ಟಿಗೆಯ ಹೊಸಿಲು ತುಳಿಯಲಿಲ್ಲ. ಚೆಲುವಿ ಬೆಳಿಗ್ಗೆ ಅವರು ಬರುವ ಹೊತ್ತಿಗೆ ಕಿವಿ ನಿಮಿರಿಸಿ ಬಾಗಿಲ ಕಡೆ ನೋಡುತ್ತಿದ್ದಳು. ಅತ್ತೆ ಜಗಲಿಯಲ್ಲಿ ಅತ್ತ ಬೆನ್ನು ಹಾಕಿ ಕೂರುತ್ತಿದ್ದರು. ನಮ್ಮ ಮನೆಯವರು ತಾಯಿಯ ಪರವೂ ಮಾತಾಡಲಿಲ್ಲ, ನನ್ನ ಪರವೂ ಮಾತಾಡಲಿಲ್ಲ, ಬಾಡಿಗೆ ಇಲ್ಲದಿದ್ದರೂ ಆಟೋ ತೆಗೆದುಕೊಂಡು ಹೊರಟುಬಿಡುತ್ತಿದ್ದರು. ಅವರು ಒಂದು ದಿನ ಹೊಲದ ಅಂಚಿನಲ್ಲಿ ಜೆಸಿಬಿಯವನ ಜೊತೆ ನಿಂತು ಕೈ ತೋರಿಸಿ ಏನೋ ಅಳತೆ ಹೇಳುತ್ತಿದ್ದುದನ್ನು ನಾನು ದೂರದಿಂದ ನೋಡಿದೆ. ಏನು ಎಂದು ಕೇಳುವ ಧೈರ್ಯ ಬರಲಿಲ್ಲ. ಗೊತ್ತಿತ್ತು.

ಆರನೆಯ ವಾರದ ಕೊನೆಗೆ ಡಾಕ್ಟರು ಬಂದರು. ಹಿಂದಿನ ಸಲ ಇಲ್ಲದ ಒಂದು ಸಣ್ಣ ಪೆಟ್ಟಿಗೆ ಕೈಯಲ್ಲಿತ್ತು. ಚೆಲುವಿ ಮಲಗಿದ್ದಳು. ಅವರು ಪಕ್ಕದಲ್ಲಿ ಕೂತು ಗೊರಸು ಮುಟ್ಟಿ, ಕಣ್ಣು ನೋಡಿದರು. ಕೊಟ್ಟಿಗೆ ಇಷ್ಟು ಚೆನ್ನಾಗಿದೆ, ಹುಲ್ಲು ನೆನೆಸುತ್ತಿದ್ದೀರಿ, ಆದರೂ ಯಾಕೆ ಹೀಗೆ ಎಂದು ತಮಗೆ ತಾವೇ ಎಂಬಂತೆ ಕೇಳಿಕೊಂಡರು. ಮಾತ್ರೆ ತಪ್ಪಿತ್ತಾ ಎಂದರು. ನನಗೆ ರೇಗಿತು. ಒಂದು ದಿನವೂ ತಪ್ಪಿಲ್ಲ, ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ ಎಂದೆ. ಹಾಗಾದರೆ ಇವತ್ತಿನದನ್ನು ನನ್ನ ಮುಂದೆ ಕೊಡಿ, ನುಂಗುತ್ತಾಳೋ ಉಗಿಯುತ್ತಾಳೋ ನೋಡೋಣ ಎಂದರು.

ನಾನು ಒಳಗೆ ಹೋಗಿ, ಕೀಲಿ ಬಿಚ್ಚಿ, ಬೀರು ತೆಗೆದು, ಡಬ್ಬಿಯಿಂದ ಬೆಲ್ಲ ತಂದೆ. ಮೊದಮೊದಲು ನಿಂಬೆಕಾಯಿ ಗಾತ್ರ ಸಾಕಾಗುತ್ತಿತ್ತು. ಒಳಗಿನ ಕಹಿ ಗೊತ್ತಾಗಿ ಅವಳು ಉಗಿಯಲು ಕಲಿತ ಮೇಲೆ ಕಿತ್ತಳೆ ಗಾತ್ರದ ಉಂಡೆ ಬೇಕಾಗುತ್ತಿತ್ತು. ಅಂಗೈಯಲ್ಲಿ ಬೆಲ್ಲ ಮಿದ್ದು, ನಡುವೆ ಮಾತ್ರೆ ಒತ್ತಿ, ಉಂಡೆ ಕಟ್ಟಿ ಚೆಲುವಿಯ ಬಾಯಿಯ ಹತ್ತಿರ ಕೈ ಚಾಚಿದೆ. ಡಾಕ್ಟರು ನನ್ನ ಮಣಿಕಟ್ಟು ಹಿಡಿದರು.

"ದಿನಾ ಹೀಗೇ ಕೊಡ್ತಿದ್ರಾ?"

ಹೌದು ಎಂದೆ. ಇನ್ನು ಹೇಗೆ ಕೊಡುತ್ತಾರೆ? ನಮ್ಮ ಕಡೆ ಹಸುವಿಗೆ, ಎತ್ತಿಗೆ, ಯಾವುದಕ್ಕೆ ಮಾತ್ರೆ ಕೊಟ್ಟರೂ ಬೆಲ್ಲದ ಉಂಡೆಯಲ್ಲೇ ಕೊಡುವುದು. ನಮ್ಮ ತಾಯಿ ಹಾಗೇ ಕೊಟ್ಟರು, ಅತ್ತೆಯೂ ಹಾಗೇ ಕೊಟ್ಟರು. ಹೌದು ಎಂದು ಹೇಳಿದ ಆ ನನ್ನ ಬಾಯಿ ಇನ್ನೂ ಮುಚ್ಚಿರಲಿಲ್ಲ, ಕೈಯಲ್ಲಿರುವುದು ಏನೆಂದು ನನಗೆ ಆಗ ಕಂಡಿತು. ಆಣೆ ಮಾಡಿ ಹೇಳುತ್ತೇನೆ, ಆರು ವಾರ ಅದು ನನ್ನ ಕಣ್ಣಿಗೆ ಬೆಲ್ಲವಾಗಿ ಕಂಡೇ ಇರಲಿಲ್ಲ. ಅದು ಔಷಧಿಯ ಒಂದು ಭಾಗವಾಗಿತ್ತು. ಗೋದಲಿಯ ಇರುವೆಗಳು ನನ್ನ ಬೆಲ್ಲಕ್ಕೆ ಬಂದಿದ್ದವು. ಸಂದಿನಲ್ಲಿದ್ದ ಅಂಟು ನನ್ನ ಬೆರಳಿನದು.

ಡಾಕ್ಟರು ಬೈಯಲಿಲ್ಲ. ತಪ್ಪು ನನ್ನದೂ ಇದೆ, ಇಷ್ಟವಾದದ್ದರಲ್ಲಿ ಕೊಡಿ ಎಂದು ಹೇಳಿ ಹೋದವನು ನಾನು ಎಂದರು. ಸಣ್ಣ ಪೆಟ್ಟಿಗೆಯನ್ನು ತೆಗೆಯದೆ ಕಾರಿನಲ್ಲಿಟ್ಟು ಬಂದರು. ಇನ್ನು ಹದಿನೈದು ದಿನ ಹೆಚ್ಚಿಗೆ ನೋಡೋಣ ಎಂದರು. ಮಾತ್ರೆಯನ್ನು ನೀರಲ್ಲಿ ಕರಗಿಸಿ, ಸೂಜಿ ಇಲ್ಲದ ಸಿರಿಂಜಿನಲ್ಲಿ ತುಂಬಿ, ಚೆಲುವಿಯ ಕೆನ್ನೆಯ ಒಳಗೆ ಹೇಗೆ ಒತ್ತಬೇಕೆಂದು ತೋರಿಸಿಕೊಟ್ಟರು. ಚೆಲುವಿ ಮೂತಿ ಸೊಟ್ಟ ಮಾಡಿ ನನ್ನ ರವಿಕೆಯ ಮೇಲೆಲ್ಲ ಉಗಿದಳು. ಎರಡನೆಯ ಸಲಕ್ಕೆ ನುಂಗಿದಳು.

ಅವರ ಕಾರು ಹೋದ ಮೇಲೆ ಜಗಲಿಯ ಹತ್ತಿರ ಹೋದೆ. ಹತ್ತು ಹೆಜ್ಜೆಯ ದಾರಿ. ಅತ್ತೆ ಅಕ್ಕಿ ಆರಿಸುತ್ತಿದ್ದರು. ಕೆಳಗೆ ಕೂತು, ನಡೆದದ್ದನ್ನು ಒಂದೂ ಬಿಡದೆ ಹೇಳಿದೆ. ತಪ್ಪಾಯ್ತು ಅತ್ತೆ ಎಂದೆ. ಅಷ್ಟು ವರ್ಷದ ಸಂಸಾರದಲ್ಲಿ ಆ ಮಾತನ್ನು ನಾನು ಅವರಿಗೆ ಹೇಳಿದ್ದು ಅದೇ ಮೊದಲು. ಅವರು ನನ್ನನ್ನು ಎಬ್ಬಿಸಿ ತಬ್ಬಿಕೊಂಡರು ಎಂದು ಬರೆದರೆ ಸುಳ್ಳಾಗುತ್ತದೆ. ಅವರಿಗೆ ಕೋಪ ಇತ್ತು, ಇರಬೇಕಾದದ್ದೇ.

"ಇಪ್ಪತ್ ದಿವ್ಸ ಕಣವ್ವ" ಎಂದರು. "ಅವ್ಳು ಸಾಯ್ತಾಳೆ ಅಂತ ಗುಂಡಿ ಅಳತೆ ಹಾಕ್ತಾವ್ರೆ, ನಾನು ಬಾಗ್ಲಾಚೆ ಕೂತಿವ್ನಿ. ಆ ಇಪ್ಪತ್ ದಿವ್ಸನ ನೀನು ಎಂಗೆ ವಾಪಸ್ ಕೊಟ್ಟೀಯೆ?"

ಬನ್ನಿ ಅತ್ತೆ, ಈಗಲೇ ಬನ್ನಿ, ಅವಳು ದಿನಾ ನಿಮ್ಮ ದಾರಿ ನೋಡುತ್ತಾಳೆ ಎಂದೆ. ಅವರು ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ, ನಾಲ್ಕನೆಯ ದಿನವೂ ಬರಲಿಲ್ಲ. ಕೋಪಕ್ಕೆ ಎಂದುಕೊಂಡಿದ್ದೆ. ಕಾರಣ ಬೇರೆಯೇ ಇತ್ತು, ಅದನ್ನು ಮಗನ ಹತ್ತಿರ ಹೇಳಿಕೊಂಡರಂತೆ. ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ಅವಳ ಹತ್ತಿರ ಬರಿಗೈಲಿ ಹೋದವಳಲ್ಲ ನಾನು, ಪಥ್ಯ ಶುರುವಾದಾಗಲೇ ಅವಳು ನನ್ನ ಕೈ ಮೂಸಿ ಮೂಸಿ ನೋಡುತ್ತಿದ್ದಳು, ಈಗ ಇನ್ನೇನಿದೆ ಎಂದು ಹೋಗಲಿ ಎಂದರಂತೆ. ಬೆಲ್ಲ ಇಲ್ಲದ ಕೈ ಅವಳಿಗೆ ಯಾಕೆ ಬೇಕು ಎಂದು ಕೇಳಿದರಂತೆ.

ಬೆಲ್ಲ ನಿಂತ ಐದನೆಯ ದಿನಕ್ಕೆ ಗೊರಸಿನ ಬಿಸಿ ಇಳಿಯಿತು. ನಾನು ನಂಬದೆ ನಮ್ಮ ಮನೆಯವರನ್ನು ಕರೆದು ಮುಟ್ಟಿಸಿದೆ. ಎಂಟನೆಯ ದಿನ ನೋವಿನ ಪುಡಿ ಅರ್ಧಕ್ಕೆ ಇಳಿಸಿದೆವು, ನರಳಲಿಲ್ಲ. ಹನ್ನೆರಡನೆಯ ದಿನ ಪೂರ್ತಿ ನಿಲ್ಲಿಸಿದೆವು. ಹುಣಸೂರಿನಿಂದ ಲಾಳದವರು ಬಂದು, ಎಕ್ಸ್‌ರೇ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ಗೊರಸಿನ ಮುಂಭಾಗವನ್ನು ಎಳೆ ಎಳೆಯಾಗಿ ಕೆತ್ತಿ ಹದ ಮಾಡಿದರು. ನಮ್ಮ ಮನೆಯವರು ಜೆಸಿಬಿಯವನಿಗೆ ಫೋನ್ ಮಾಡಿ ಬೇಡಪ್ಪ ಎಂದರು. ಯಾಕೆ ಎಂದು ಅವನು ಕೇಳಿರಬೇಕು, ಇವರು ಫೋನನ್ನು ನನ್ನ ಕೈಗೆ ಕೊಟ್ಟರು.

ಕಾಯಿಲೆ ಹೋಗಿಲ್ಲ, ಹೋಗುವುದೂ ಇಲ್ಲ. ಈಗಲೂ ದಿನಾ ಮಾತ್ರೆ ಕರಗಿಸುತ್ತೇನೆ, ದಿನಾ ಹುಲ್ಲು ಒಗೆಯುತ್ತೇನೆ. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ವಾರ ಕುಂಟುತ್ತಾಳೆ, ಮೀನಿನವನಿಗೆ ಹೇಳಿ ಕಳಿಸುತ್ತೇವೆ. ಮದುವೆಗಳಿಗೆ ಹೋಗುವುದಿಲ್ಲ. ಬಂದ ನೆಂಟರ ಕೈಯನ್ನು ಮೊದಲು ಬಿಚ್ಚಿಸಿ ನೋಡುತ್ತೇನೆ, ಬೈದುಕೊಂಡರೆ ಬೈದುಕೊಳ್ಳಲಿ. ಎನ್. ಬೇಗೂರಿನವರಿಗೂ ನಾನು ಕೇಳಿದ ಮೊದಲ ಪ್ರಶ್ನೆ ಮಾತ್ರೆಯನ್ನು ಯಾವುದರಲ್ಲಿ ಇಟ್ಟು ಕೊಡುತ್ತೀರಿ ಎಂಬುದೇ. ಬೆಲ್ಲದಲ್ಲೇ ಅಕ್ಕ ಎಂದರು. ಗಾಬರಿಯಾಗಬೇಡಿ, ಇವತ್ತಿನಿಂದ ನಿಲ್ಲಿಸಿ, ಇನ್ನೂ ಹೊತ್ತಿದೆ ಎಂದೆ. ಬೇರೆಯವರ ಮೇಲೆ ಅನುಮಾನ ಪಡುವ ಮೊದಲು ನಿಮ್ಮ ಕೈಯನ್ನೇ ಒಂದು ಸಲ ನೋಡಿಕೊಳ್ಳಿ ಎಂದೂ ಹೇಳಿದೆ. ಅದನ್ನು ಹೇಳುವ ಯೋಗ್ಯತೆ ನನಗಿದೆ.

ಇನ್ನು ಆ ಹದಿನೈದನೆಯ ದಿನದ್ದು ಹೇಳಿ ಮುಗಿಸುತ್ತೇನೆ. ಬೆಳಗಿನ ಬಿಸಿಲು ಆಗಷ್ಟೇ ಅಂಗಳಕ್ಕೆ ಬಂದಿತ್ತು. ಕೊಟ್ಟಿಗೆ ಗುಡಿಸಲು ಚೆಲುವಿಯ ಹಗ್ಗ ಬಿಚ್ಚಿ, ನಾರಿನ ಪುಡಿಯನ್ನು ಪಕ್ಕಕ್ಕೆ ಎಳೆಯುತ್ತಿದ್ದೆ. ತಿರುಗಿ ನೋಡಿದರೆ ಅವಳು ಬಾಗಿಲಲ್ಲಿ ನಿಂತಿದ್ದಾಳೆ. ಎರಡು ತಿಂಗಳಿಂದ ಆ ಮೆತ್ತನೆ ಹಾಸು ಬಿಟ್ಟು ಅವಳು ಹೊರಗೆ ಕಾಲಿಟ್ಟಿರಲಿಲ್ಲ. ಅಂಗಳ ಸಗಣಿ ಸಾರಿಸಿದ ಗಟ್ಟಿ ನೆಲ. ನಾನು ತಡೆಯಲು ಓಡಿದೆ, ನಮ್ಮ ಮನೆಯವರು ಬಿಡು ಎಂದು ಕೈ ಸನ್ನೆ ಮಾಡಿದರು. ಚೆಲುವಿ ಒಂದು ಕಾಲು ಇಟ್ಟಳು, ನಿಂತಳು, ಕಿವಿ ಆಡಿಸಿದಳು, ಇನ್ನೊಂದು ಕಾಲು ಇಟ್ಟಳು. ಹಾಗೇ ನಿಂತು ನಿಂತು, ಯಾರೂ ಎಳೆಯದೆ, ಯಾರೂ ಕರೆಯದೆ, ಜಗಲಿಯ ಕಡೆಗೆ ನಡೆದಳು.

ಅತ್ತೆ ಅತ್ತ ತಿರುಗಿ ಕೂತು ಹೂವು ಕಟ್ಟುತ್ತಿದ್ದರು. ಬೆನ್ನಿಗೆ ಬಿಸಿಯುಸಿರು ತಾಗಿದಾಗ ತಿರುಗಿದರು. ಚೆಲುವಿ ಮೂತಿಯನ್ನು ಅವರ ಮಡಿಲಿಗೆ ತಂದಳು. ಅತ್ತೆ ಗಾಬರಿಯಾಗಿ ಹೂವು ಕೆಳಗೆ ಬಿಟ್ಟು, ಎರಡು ಅಂಗೈಯನ್ನೂ ಅವಳ ಮುಂದೆ ಬಿಚ್ಚಿ ಹಿಡಿದರು.

"ಏನೂ ಇಲ್ಲ ಕಣವ್ವ" ಎಂದರು. "ನೋಡು, ನನ್ ಕೈಲಿ ಏನೂ ಇಲ್ಲ."

ಚೆಲುವಿ ಒಂದು ಸಲ ಮೂಸಿದಳು. ಏನೂ ಇರಲಿಲ್ಲ. ಅವಳು ಹಿಂದಕ್ಕೆ ಹೋಗಲಿಲ್ಲ. ಆ ಖಾಲಿ ಕೈಗಳ ಮೇಲೆ ತನ್ನ ಗದ್ದ ಇಟ್ಟು, ಕಣ್ಣು ಮುಚ್ಚಿ ನಿಂತಳು.